ಎಫೆಕ್ಟ್‌ನಿಂದಲೇ ಹೊಸ ದನಿ: ಡಿಲೇ, ಗೇಟ್, ರಿವರ್ಬ್ ಬಗ್ಗೆ ಟಿಪ್ಪಣಿ

ಮಿಕ್ಸಿಂಗ್ ಕಲಿಯಲು ಕೂತವರಿಗೆ ಎಫೆಕ್ಟ್‌ಗಳ ಪರಿಚಯ ಆಗುವುದು ರಿಪೇರಿ ಕೆಲಸದಿಂದ. ದನಿ ಮಂಕಾಗಿದ್ದರೆ ಈಕ್ಯೂ (ಯಾವ ಫ್ರೀಕ್ವೆನ್ಸಿ ಎಷ್ಟು ಅಂತ ಹೊಂದಿಸುವುದು), ಏರುಪೇರಾದರೆ ಕಂಪ್ರೆಸರ್ (ಜೋರು, ಮೆಲುದನಿಗಳ ಅಂತರ ತಗ್ಗಿಸುವುದು), ಒಣ ಒಣ ಅನ್ನಿಸಿದರೆ ಸ್ವಲ್ಪ ರಿವರ್ಬ್ (ಕೋಣೆಯ ಅನುರಣನ). ಇದು ಬೇಕು, ಬಿಡಿ. ಆದರೆ ಪ್ರತಿ ಎಫೆಕ್ಟ್‌ನಲ್ಲೂ ಒಂದು ನಾಬ್ ಇರುತ್ತದೆ. ಅದನ್ನು ರಿಪೇರಿಗೆ ಬೇಕಾದ ಮಟ್ಟ ದಾಟಿಸಿ ತಿರುಗಿಸಿದರೆ ಆ ಎಫೆಕ್ಟೇ ವಾದ್ಯ ಆಗುತ್ತದೆ. ಯಾವ ನಾಬ್, ಎಷ್ಟು, ಯಾಕೆ ಅನ್ನುವುದೇ ಈ ಟಿಪ್ಪಣಿಯ ವಿಷಯ.

ಡಿಲೇಯನ್ನು ಶ್ರುತಿ ಮಾಡುವುದು

ಡಿಲೇ ಅಂದರೆ ದನಿಯನ್ನು ಸ್ವಲ್ಪ ತಡೆದು ಮತ್ತೆ ಕೇಳಿಸುವ ಎಫೆಕ್ಟ್. ಡಿಲೇ ಟೈಮ್ 300 ಮಿಲಿಸೆಕೆಂಡ್ ಇದ್ದರೆ ಪ್ರತಿಧ್ವನಿ ಬಿಡಿಬಿಡಿಯಾಗಿ ಕೇಳುತ್ತದೆ. 30ಕ್ಕಿಂತ ಕೆಳಗೆ ತಂದರೆ ಕಿವಿಗೆ ಅವುಗಳನ್ನು ಬಿಡಿಸಲು ಆಗುವುದಿಲ್ಲ. ಇನ್ನೂ ಇಳಿಸಿ ಫೀಡ್‌ಬ್ಯಾಕ್ (ಹೊರಬಂದ ದನಿಯನ್ನು ಮತ್ತೆ ಡಿಲೇಗೇ ಕೊಡುವ ಪ್ರಮಾಣ) ಏರಿಸಿದರೆ ಮರುಕಳಿಕೆಗಳು ಒಂದಕ್ಕೊಂದು ಅಂಟಿಕೊಂಡು ಸ್ವರವೇ ಹುಟ್ಟುತ್ತದೆ. ಲೆಕ್ಕ ಸುಲಭ: 1000ವನ್ನು ಬೇಕಾದ ಹರ್ಟ್ಸ್‌ನಿಂದ ಭಾಗಿಸಿ, ಬಂದದ್ದೇ ಮಿಲಿಸೆಕೆಂಡ್.

ನಿಮ್ಮ ಷಡ್ಜ 130.81 ಹರ್ಟ್ಸ್‌ನ ಸಿ ಅಂದುಕೊಳ್ಳಿ. ಡಿಲೇ ಟೈಮ್ 7.64. ಪಂಚಮ ಬೇಕಾದರೆ ಅದನ್ನು 1.5ರಿಂದ ಭಾಗಿಸಿ, 5.1 ಬರುತ್ತದೆ. ಮೇಲಿನ ಷಡ್ಜಕ್ಕೆ ಅರ್ಧ, 3.82. ಕೀಬೋರ್ಡಿನ ಪಂಚಮ ಈ ಅನುಪಾತಕ್ಕಿಂತ ಕೂದಲೆಳೆಯಷ್ಟು ಕೆಳಗಿರುತ್ತದೆ. ಇಲ್ಲಿ ನೇರವಾಗಿ 3:2ನ ಪಂಚಮವೇ ಸಿಗುತ್ತದೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದು ತುಂಬಾ ಹಿತ, ಅಲ್ವಾ?

ಈ ಡಿಲೇಗೆ ಏನು ಊಡಿಸಬೇಕು? ಮೇಜಿನ ಮೇಲೆ ಬೆರಳಿನಿಂದ ಒಂದು ಟಕ್ ಸಾಕು. ಚೂರು ನಾಯ್ಸ್ (ಸ್ವರವಿಲ್ಲದ ಬುಸ್ ಸದ್ದು) ಕೂಡ ಆಗುತ್ತದೆ. ಹಾಕಿದ ದನಿಗೆ ತನ್ನದೇ ಸ್ವರ ಇಲ್ಲದಿದ್ದಷ್ಟೂ ಒಳ್ಳೆಯದು. ಫೀಡ್‌ಬ್ಯಾಕ್ ದಾರಿಯಲ್ಲಿ ಒಂದು ಲೋ ಪಾಸ್ ಫಿಲ್ಟರ್ (ಎತ್ತರದ ಫ್ರೀಕ್ವೆನ್ಸಿ ತಗ್ಗಿಸುವುದು) ಇಟ್ಟರೆ ಪ್ರತಿ ಸುತ್ತಿಗೂ ಸ್ವರದ ಜೊತೆ ಅದರ ಪೂರ್ಣ ಗುಣಕಗಳಲ್ಲಿ ನುಡಿಯುವ ಮೇಲಿನ ಹಾರ್ಮೋನಿಕ್‌ಗಳು ಸವೆಯುತ್ತವೆ. ಆಗ ಕೇಳುವುದು ಮೀಟಿದ ತಂತಿಯ ದನಿ. ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸ್ ಸ್ಟ್ರಾಂಗ್ 1983ರಲ್ಲಿ ಪ್ರಕಟಿಸಿದ ವಿಧಾನ ಇದೇ. ಚೂರು ನಾಯ್ಸ್, ಚಿಕ್ಕ ಡಿಲೇ, ಒಂದು ಸರಳ ಫಿಲ್ಟರ್. ಇಷ್ಟರಲ್ಲೇ ತಂತಿ ವಾದ್ಯ.

ತಂತಿ ಎಷ್ಟು ಹೊತ್ತು ನುಡಿಯಬೇಕು ಅನ್ನುವುದು ಫೀಡ್‌ಬ್ಯಾಕ್ ಕೈಯಲ್ಲಿದೆ. ಆಗ ಹೇಳಿದ 130.81 ಹರ್ಟ್ಸ್‌ನ ಸಿ ಸ್ವರದಲ್ಲಿ 90% ಇಟ್ಟರೆ ದನಿ ಸುಮಾರು ಅರ್ಧ ಸೆಕೆಂಡಿನಲ್ಲಿ ಅಡಗುತ್ತದೆ. 98%ಗೆ ಏರಿಸಿದರೆ ಎರಡೂವರೆ ಸೆಕೆಂಡು. ಇದು ಫಿಲ್ಟರ್ ಇಲ್ಲದ ಲೆಕ್ಕ, ಇದ್ದರೆ ಇನ್ನೂ ಬೇಗ. ಎತ್ತರದ ಸ್ವರಗಳು ಸೆಕೆಂಡಿಗೆ ಜಾಸ್ತಿ ಸುತ್ತು ಹಾಕುವುದರಿಂದ ಅವು ಮೊದಲು ಸಾಯುತ್ತವೆ. ನಿಜವಾದ ತಂತಿಯಲ್ಲೂ ಹಾಗೇ.

ಕೆಲವು ಡಿಲೇಗಳಲ್ಲಿ ಫೀಡ್‌ಬ್ಯಾಕನ್ನು ತಿರುಗುಮುರುಗು ಮಾಡುವ ಫೇಸ್ ಬಟನ್ ಇರುತ್ತದೆ. ಒತ್ತಿದರೆ ಸ್ವರ ಒಂದು ಸ್ಥಾಯಿ ಕೆಳಗೆ ಇಳಿಯುತ್ತದೆ, ಬೆಸ ಹಾರ್ಮೋನಿಕ್‌ಗಳು ಮಾತ್ರ ಉಳಿಯುತ್ತವೆ. ತಂತಿ ಹೋಗಿ ಕ್ಲಾರಿನೆಟ್ ತರಹದ ಪೊಳ್ಳು ದನಿ ಬರುತ್ತದೆ. ಒಂದು ಬಟನ್‌ಗೆ ಇಷ್ಟು ದೊಡ್ಡ ಬದಲಾವಣೆ ಬೇರೆಲ್ಲೂ ನಾನು ಕಂಡಿಲ್ಲ.

ಮುಖ್ಯ ಎಚ್ಚರಿಕೆ: ಫೀಡ್‌ಬ್ಯಾಕ್ 100% ದಾಟಿದರೆ ದನಿ ಏರುತ್ತಲೇ ಹೋಗುತ್ತದೆ. ಕೊನೆಯಲ್ಲಿ ಲಿಮಿಟರ್ (ದನಿ ಒಂದು ಮಟ್ಟ ದಾಟದಂತೆ ತಡೆಯುವುದು) ಇಲ್ಲದೆ, ಹೆಡ್‌ಫೋನ್ ಜೋರಾಗಿಟ್ಟು ಈ ಪ್ರಯೋಗ ಮಾಡಲೇಬೇಡಿ. ಕಿವಿ ಹೋದರೆ ವಾಪಸ್ ಬರುವುದಿಲ್ಲ.

ಗೇಟ್ ಹಾಕಿದ ರಿವರ್ಬ್

1979ರಲ್ಲಿ ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಬ್ರಿಟಿಷ್ ಗಾಯಕ ಪೀಟರ್ ಗೇಬ್ರಿಯಲ್ ಅವರ ಮೂರನೇ ಆಲ್ಬಂ ರೆಕಾರ್ಡ್ ಆಗುತ್ತಿತ್ತು. ಎಂಜಿನಿಯರ್ ಹ್ಯೂ ಪ್ಯಾಡ್ಗಮ್, ಡ್ರಮ್ಸ್ ಮೇಲೆ ಫಿಲ್ ಕಾಲಿನ್ಸ್. ಅಲ್ಲಿದ್ದ ಎಸ್‌ಎಸ್‌ಎಲ್ ಕಂಪನಿಯ ಮಿಕ್ಸಿಂಗ್ ಕನ್ಸೋಲಿನಲ್ಲಿ ಕಲಾವಿದರ ಮಾತು ಕೇಳಿಸಿಕೊಳ್ಳಲು ಒಂದು ಮೈಕ್ ಇತ್ತು. ಪಿಸುಮಾತೂ ಕೂಗೂ ಒಂದೇ ಮಟ್ಟದಲ್ಲಿ ಕೇಳಲಿ ಎಂದು ಅದಕ್ಕೆ ಭಾರಿ ಕಂಪ್ರೆಸರ್ ಹಾಕಿದ್ದರು. ಆ ಮೈಕಿನಲ್ಲಿ ಡ್ರಮ್ಸ್ ಕೇಳಿದಾಗ ಇಡೀ ಕೋಣೆಯೇ ಉಬ್ಬಿ ಬಂತು. ಅದರ ಮೇಲೆ ನಾಯ್ಸ್ ಗೇಟ್ (ಒಂದು ಮಟ್ಟಕ್ಕಿಂತ ಇಳಿದ ದನಿಯನ್ನು ಮುಚ್ಚುವುದು) ಹಾಕಿದಾಗ, ಉಬ್ಬಿದ ದನಿ ತಟ್ಟನೆ ಕತ್ತರಿಸಿ ನಿಂತಿತು. 80ರ ದಶಕದ ಡ್ರಮ್ ದನಿಗೆ ದೊಡ್ಡ ಮೂಲ ಇದು.

ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಮಾತಿಗೆಂದು ಇಟ್ಟ ಕಂಪ್ರೆಸರ್, ಗದ್ದಲ ಅಡಗಿಸಲು ಇಟ್ಟ ಗೇಟ್ ಎರಡೂ ತಮ್ಮದಲ್ಲದ ಕೆಲಸ ಮಾಡಿದವು. ಮನೆಯಲ್ಲಿ ಮಾಡಲು ಸ್ನೇರ್ ಡ್ರಮ್ ಮೇಲೆ 2–3 ಸೆಕೆಂಡಿನ ರಿವರ್ಬ್, ಅದರ ಮೇಲೆ ಗಟ್ಟಿ ಕಂಪ್ರೆಶನ್, ಕೊನೆಗೆ ಗೇಟ್. ಹೋಲ್ಡ್ (ಗೇಟ್ ತೆರೆದೇ ಇರುವ ಸಮಯ) 200 ಮಿಲಿಸೆಕೆಂಡ್ ಆಸುಪಾಸು, ರಿಲೀಸ್ (ಮುಚ್ಚಲು ಹಿಡಿಯುವ ಸಮಯ) ಚಿಕ್ಕದು. ಗೇಟ್ ತೆರೆಯುವ ಸಿಗ್ನಲ್ ಮಾತ್ರ ಒಣ ಸ್ನೇರ್‌ನಿಂದ ಬರಲಿ.

ಅಲ್ಲಿಗೆ ನಿಲ್ಲಿಸಿದರೆ ಹಳೇ ದನಿಯ ನಕಲು ಅಷ್ಟೇ. ಗೇಟಿನ ಸೈಡ್‌ಚೈನ್‌ಗೆ (ಯಾವಾಗ ತೆರೆಯಬೇಕು ಅಂತ ಗೇಟಿಗೆ ತಿಳಿಸುವ ಇನ್‌ಪುಟ್) ಬೇರೆ ಏನಾದರೂ ಕೊಡಿ. ತಂಬೂರಿಯ ರಿವರ್ಬ್ ಬಾಲವನ್ನು ಮೃದಂಗದ ಪೆಟ್ಟು ತೆರೆದು ಮುಚ್ಚಲಿ. ಶ್ರುತಿಗೆ ತಾಳ ಹತ್ತುತ್ತದೆ, ಮೃದಂಗವನ್ನು ಮ್ಯೂಟ್ ಮಾಡಿದರೂ ಅದರ ನಡೆ ಉಳಿಯುತ್ತದೆ.

ಯಾವುದು ಮೊದಲು?

ಎಫೆಕ್ಟ್‌ಗಳ ಕ್ರಮ ಬದಲಿಸಿ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಸುಮ್ನೆ ಬದಲಿಸುತ್ತಾ ಕೂತರೆ ಸಮಯ ಹಾಳು. ಈಕ್ಯೂ ಮತ್ತು ರಿವರ್ಬ್ ಅದಲುಬದಲು ಮಾಡಿದರೆ, ರಿವರ್ಬ್ ಒಳಗೆ ಮಾಡ್ಯುಲೇಶನ್ (ತಾನಾಗಿ ಅಲುಗುತ್ತಿರುವ ಬದಲಾವಣೆ) ಇಲ್ಲದಿದ್ದರೆ, ಫಲ ಒಂದೇ. ಕ್ರಮ ಮುಖ್ಯವಾಗುವುದು ದನಿಯ ಮಟ್ಟ ನೋಡಿ ವರ್ತನೆ ಬದಲಿಸುವ ಡಿಸ್ಟಾರ್ಶನ್, ಕಂಪ್ರೆಸರ್, ಗೇಟ್ ನಡುವೆ ಬಂದಾಗ. ಡಿಸ್ಟಾರ್ಶನ್ ಆದ ಮೇಲೆ ರಿವರ್ಬ್ ಅಂದರೆ ಕೋಣೆಯಲ್ಲಿ ಒರಟಾದ ವಾದ್ಯ. ರಿವರ್ಬ್ ಆದ ಮೇಲೆ ಡಿಸ್ಟಾರ್ಶನ್ ಅಂದರೆ ಕೋಣೆಯೇ ಒರಟು: ಕ್ಷೀಣಿಸಬೇಕಾದ ಬಾಲ ಜೋರಾಗಿ ನಿಂತು ಗೋಡೆ ಕಟ್ಟುತ್ತದೆ. ನನಗೆ ಎರಡನೆಯದೇ ಇಷ್ಟ. ಅದರಲ್ಲೂ ಹಾಡುವ ದನಿಯ ಒಂದು ಉದ್ದ ‘ಆ’ಕಾರದ ಮೇಲೆ.

ಕನ್ವಲ್ಯೂಶನ್ ರಿವರ್ಬ್‌ಗೂ (ಇಂಪಲ್ಸ್ ಅನ್ನುವ ಚಿಕ್ಕ ರೆಕಾರ್ಡಿಂಗಿನಿಂದ ಒಂದು ಜಾಗದ ಅನುರಣನ ಕಟ್ಟುವ ರಿವರ್ಬ್) ಒಂದು ಮಾತು. ಅದಕ್ಕೆ ಕೋಣೆಯದೇ ಫೈಲ್ ಬೇಕೆಂದಿಲ್ಲ. ಸ್ಟೀಲ್ ಕೊಳಗಕ್ಕೆ ಬಡಿದ ದನಿಯನ್ನು ಇಂಪಲ್ಸ್ ಆಗಿ ಕೊಟ್ಟರೆ, ನೀವು ಹಾಕಿದ ಪ್ರತಿ ದನಿಯೂ ಆ ಕೊಳಗದೊಳಗೆ ಮೊಳಗುತ್ತದೆ. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುವವರಿಗೆ ಇದಕ್ಕೆ ರಿಯಾವರ್ಬ್, ಮೇಲಿನ ಕೆಲಸಗಳಿಗೆ ರಿಯಾಡಿಲೇ, ರಿಯಾಗೇಟ್ ಜೊತೆಗೇ ಬರುತ್ತವೆ.

ನಾಬ್ ನುಡಿಸಿ, ರೆಕಾರ್ಡ್ ಮಾಡಿ

ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1970ರ ದಶಕದಲ್ಲಿ ಕಿಂಗ್ ಟಬ್ಬಿ ಮಿಕ್ಸರ್ ಮುಂದೆ ಕೂತು ಡಬ್ ಸಂಗೀತ ಕಟ್ಟಿದರು. ಮೂಲತಃ ಎಲೆಕ್ಟ್ರಾನಿಕ್ಸ್ ರಿಪೇರಿ ಗೊತ್ತಿದ್ದ ಮನುಷ್ಯ. ಮುಗಿದ ಹಾಡಿನ ಟ್ರ್ಯಾಕ್‌ಗಳನ್ನು ಮಿಕ್ಸರಿನಲ್ಲಿ ತೆಗೆದು, ಹಾಕಿ, ಒಂದೇ ಒಂದು ಪೆಟ್ಟನ್ನು ಎಕೋಗೆ ಎಸೆದು, ಫಿಲ್ಟರ್ ನಾಬ್ ತಿರುಗಿಸುತ್ತಾ ಹೊಸ ರೂಪ ಕೊಡುತ್ತಿದ್ದರು. ಅದೆಲ್ಲ ಆ ಕ್ಷಣದಲ್ಲೇ, ಕೈಯಿಂದಲೇ.

ಇದನ್ನು ನಾವೂ ಮಾಡಬೇಕು. ಮೇಲಿನ ಡಿಲೇಯನ್ನು ಒಂದು ಸೆಂಡ್‌ನಲ್ಲಿ (ಟ್ರ್ಯಾಕಿನ ದನಿಯ ನಕಲನ್ನು ಎಫೆಕ್ಟ್‌ಗೆ ಕಳಿಸುವ ದಾರಿ) ಇಟ್ಟು, ಹತ್ತು ನಿಮಿಷ ಟೈಮ್ ಮತ್ತು ಫೀಡ್‌ಬ್ಯಾಕ್ ನಾಬ್‌ಗಳನ್ನು ಆಡಿಸಿ. ಬಂದದ್ದೆಲ್ಲ ಆಡಿಯೋ ಆಗಿ ರೆಕಾರ್ಡ್ ಆಗಲಿ. ಆಮೇಲೆ ಕೇಳಿ, ಚೆನ್ನಾಗಿರುವ ಎರಡು ಸೆಕೆಂಡ್ ಕತ್ತರಿಸಿ, ದನಿ ತುಣುಕನ್ನು ವಾದ್ಯದಂತೆ ನುಡಿಸುವ ಸ್ಯಾಂಪ್ಲರ್‌ಗೆ ಹಾಕಿ. ಪ್ಲಗಿನ್ ತೆರೆದಿಟ್ಟುಕೊಂಡರೆ ದಿನವಿಡೀ ತಿದ್ದುತ್ತಾ ಇರುತ್ತೇವೆ. ಆಡಿಯೋ ಆದ ಮೇಲೆ ಅದರ ಮೇಲೆ ಮತ್ತೆ ಗೇಟ್, ಮತ್ತೆ ರಿವರ್ಬ್, ಉಲ್ಟಾ ಮಾಡಿ ಇನ್ನೊಮ್ಮೆ ಡಿಲೇ. ಎರಡು ಮೂರು ಸುತ್ತು ಆದರೆ ಮೊದಲಿನ ಟಕ್ ಎಲ್ಲಿತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಹಾಡಿಗೆ ಸೇರಿಸುವ ಮುನ್ನ ಮೋನೋ ಬಟನ್ ಒತ್ತಿ ಕೇಳಿ. ಎಡಬಲಕ್ಕೆ ಕೆಲವೇ ಮಿಲಿಸೆಕೆಂಡ್ ವ್ಯತ್ಯಾಸ ಕೊಟ್ಟು ಅಗಲ ಮಾಡಿದ ದನಿ, ಎರಡೂ ಕೂಡಿದಾಗ ಕೆಲವು ಫ್ರೀಕ್ವೆನ್ಸಿಗಳನ್ನು ತಾನೇ ನುಂಗಿಕೊಳ್ಳುತ್ತದೆ. ಒಂದೇ ಸ್ಪೀಕರಿನ ಬ್ಲೂಟೂತ್ ಡಬ್ಬಿಯಲ್ಲಿ ಕೇಳುವವರು ತುಂಬಾ ಜನ. ತೆಳ್ಳಗಾದರೆ ಅಗಲ ಕಡಿಮೆ ಮಾಡಿ, ಅಥವಾ ಒಂದು ಬದಿಯದನ್ನು ಮಾತ್ರ ಮಧ್ಯಕ್ಕೆ ತಂದು ಬಳಸಿ.