ಮೊಪೆಡ್ ಏರಿದ ಕುಡುಮಿಗಳು

ನಮ್ಮ ಕಾಲೇಜಿನಲ್ಲಿ ಮುಂದಿನ ಬೆಂಚಿನವರಿಗೆಲ್ಲ ಒಂದೇ ಹೆಸರು, ಕುಡುಮಿ. ಸೋಡಾಬುಡ್ಡಿ ಕನ್ನಡಕ, ಎಣ್ಣೆ ಹಚ್ಚಿ ಬಾಚಿದ ತಲೆ, ಕ್ರಿಕೆಟ್ಟಿಗೆ ಕರೆದರೆ ಬರಲ್ಲ, ಪರೀಕ್ಷೆಗೆ ಎರಡು ದಿನ ಇದೆ ಅನ್ನುವಾಗ ಮಾತ್ರ ಅವನ ನೋಟ್ಸು ಎಲ್ಲರಿಗೂ ಬೇಕು. ನಾನೂ ಹಾಗೆ ಕರೆದು ನಕ್ಕಿದ್ದೇನೆ. ಒಂದೆರಡು ವರ್ಷ ನನ್ನನ್ನೂ ಹಾಗೇ ಕರೆದರು, ಆಗ ನಗು ಬರಲಿಲ್ಲ.

ಆ ಕನ್ನಡಕದ ವಿಷಯದಲ್ಲಿ ಸ್ವಲ್ಪ ನಿಜ ಇದೆ. ಹೆಚ್ಚು ವರ್ಷ ಓದಿದವರಲ್ಲಿ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗಿ ಕಾಣುವ ತೊಂದರೆ, ಜಾಸ್ತಿ. ಬ್ರಿಟನ್ನಿನ ಸಂಶೋಧಕರು 2018ರಲ್ಲಿ ಜೀನುಗಳ ಮಾಹಿತಿ ಇಟ್ಟುಕೊಂಡು ಇದರಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಅಂತ ಬಿಡಿಸಿ ನೋಡಿದರು. ಓದಿನ ವರ್ಷ ಹೆಚ್ಚಿದಂತೆ ಕಣ್ಣಿನ ಪವರ್ ಏರುತ್ತದೆ. ಕಣ್ಣು ಮಂದ ಇರುವವರು ಅದಕ್ಕೇ ಜಾಸ್ತಿ ಓದುತ್ತಾರೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಚೀನಾದ ಗುವಾಂಗ್‌ಝೌ ನಗರದ ಕೆಲವು ಶಾಲೆಗಳಲ್ಲಿ ಒಂದನೇ ಕ್ಲಾಸಿನ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಿಗೆ ಬಯಲಿಗೆ ಬಿಟ್ಟರು. ಮೂರು ವರ್ಷದಲ್ಲಿ ಅವರ ಪೈಕಿ ನೂರಕ್ಕೆ ಸುಮಾರು 30 ಮಕ್ಕಳಿಗೆ ಸಮೀಪದೃಷ್ಟಿ ಬಂತು, ಉಳಿದ ಶಾಲೆಗಳಲ್ಲಿ ಸುಮಾರು 40 ಮಕ್ಕಳಿಗೆ. ಅಂದರೆ ಸೋಡಾಬುಡ್ಡಿ ಬುದ್ಧಿಯ ಗುರುತಲ್ಲ, ಅದು ಸ್ವಲ್ಪ ಮಟ್ಟಿಗೆ ಬಿಸಿಲು ಕಾಣದೆ ಒಳಗೇ ಕೂತಿದ್ದಕ್ಕೆ ಕಣ್ಣು ತೆತ್ತ ದಂಡ.

ಉಳಿದಿದ್ದು ತಲೆ. ಕೆಲವರು ಹುಟ್ಟುತ್ತಲೇ ಕುಡುಮಿಗಳು, ನಮ್ಮ ಹಣೆಯಲ್ಲಿ ಅದು ಬರೆದಿಲ್ಲ ಅಂತ ನಾವೆಲ್ಲ ಸಮಾಧಾನ ಮಾಡಿಕೊಳ್ಳುತ್ತೇವೆ, ಅಲ್ವಾ? ಇದಕ್ಕೆ ಉತ್ತರ ಬೇಕಿದ್ದರೆ ಲಂಡನ್ನಿನ ಟ್ಯಾಕ್ಸಿ ಚಾಲಕರನ್ನು ನೋಡಬೇಕು.

ಅಲ್ಲಿ ಕಪ್ಪು ಟ್ಯಾಕ್ಸಿ ಓಡಿಸುವ ಲೈಸೆನ್ಸ್ ಸುಮ್ನೆ ಸಿಗಲ್ಲ. 'ದ ನಾಲೆಡ್ಜ್' ಅನ್ನುವ ಪರೀಕ್ಷೆ ಪಾಸಾಗಬೇಕು. ಊರಿನ ನಡುಮಧ್ಯದ ಚಾರಿಂಗ್ ಕ್ರಾಸ್ ಸುತ್ತಮುತ್ತ ಆರು ಮೈಲಿಯೊಳಗಿನ ಸುಮಾರು 25,000 ಬೀದಿಗಳು, ಅವುಗಳಲ್ಲಿರುವ ಆಸ್ಪತ್ರೆ, ಹೋಟೆಲು, ನಾಟಕಶಾಲೆ, ಎಲ್ಲ ಬಾಯಲ್ಲಿರಬೇಕು. ಕಲಿಯುವವರು ಮೊಪೆಡ್ ಹ್ಯಾಂಡಲ್ಲಿಗೆ ದಾರಿಗಳ ಪಟ್ಟಿ ಸಿಕ್ಕಿಸಿಕೊಂಡು ಮಳೆಯಲ್ಲಿ, ಚಳಿಯಲ್ಲಿ ಬೀದಿ ಬೀದಿ ತಿರುಗುತ್ತಾರೆ. ಆ ಪಟ್ಟಿಯಲ್ಲಿ 320 ದಾರಿಗಳಿವೆ. ಮೊದಲನೆಯದು ಮ್ಯಾನರ್ ಹೌಸ್ ಸ್ಟೇಷನ್ನಿನಿಂದ ಗಿಬ್ಸನ್ ಸ್ಕ್ವೇರ್‌ಗೆ. ರಾತ್ರಿ ಮನೆಗೆ ಬಂದು ಅದನ್ನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ, ಥೇಟ್ ನಮ್ಮಲ್ಲಿ ಮಕ್ಕಳು ಮಗ್ಗಿ ಹೇಳಿದ ಹಾಗೆ. ಪರೀಕ್ಷೆಯ ದಿನ ಸೂಟು ಹಾಕಿಕೊಂಡು ಹೋಗಿ ಪರೀಕ್ಷಕರ ಎದುರು ಕೂರಬೇಕು, ಅವರು ಎರಡು ಜಾಗದ ಹೆಸರು ಹೇಳಿದರೆ ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ ಅಂತ ಒಂದು ಬೀದಿಯೂ ತಪ್ಪದೆ ಬಾಯಿಪಾಠ ಒಪ್ಪಿಸಬೇಕು. ಇದೆಲ್ಲ ಮುಗಿಯಲು ಮೂರು ನಾಲ್ಕು ವರ್ಷ.

ಇವರಿಗಿಂತ ದೊಡ್ಡ ಕುಡುಮಿ ಯಾರಿದ್ದಾರೆ ಹೇಳಿ. ಆದರೆ ಟ್ಯಾಕ್ಸಿ ಚಾಲಕರನ್ನು ಯಾರೂ ಹಾಗೆ ಕರೆಯಲ್ಲ.

ಎಲಿನಾರ್ ಮಗ್ವೈರ್ ಎಂಬ ನರವಿಜ್ಞಾನಿ 2000ದಲ್ಲಿ ಈ ಚಾಲಕರ ಮಿದುಳನ್ನು ಸ್ಕ್ಯಾನ್ ಮಾಡಿದರು. ದಾರಿ, ಜಾಗ ನೆನಪಿಡಲು ಬೇಕಾದ ಹಿಪ್ಪೊಕ್ಯಾಂಪಸ್ ಎಂಬ ಭಾಗ ಇದೆಯಲ್ಲ, ಅದರ ಹಿಂಬದಿ ಇವರಲ್ಲಿ ಬೇರೆಯವರಿಗಿಂತ ದೊಡ್ಡದಿತ್ತು. ಮುಂದೆ ಬಸ್ ಚಾಲಕರ ಜೊತೆ ಹೋಲಿಸಿದಾಗಲೂ ಟ್ಯಾಕ್ಸಿಯವರದೇ ದೊಡ್ಡದು. ಇಬ್ಬರದೂ ಅದೇ ಊರು, ಅದೇ ಟ್ರಾಫಿಕ್ಕು, ಅದೇ ತಲೆನೋವು. ವ್ಯತ್ಯಾಸ ಇಷ್ಟೇ, ಬಸ್ಸಿಗೆ ಗೊತ್ತುಮಾಡಿದ ರೂಟು.

ಆದರೂ ಒಂದು ಅನುಮಾನ ಉಳಿಯುತ್ತದೆ. ಆ ಭಾಗ ಮೊದಲೇ ದೊಡ್ಡದಿದ್ದವರೇ ಟ್ಯಾಕ್ಸಿ ಚಾಲಕರಾದರೋ ಏನೋ? ಅದಕ್ಕೇ ಮಗ್ವೈರ್ ತಂಡ ಇನ್ನೂ ಕಲಿಯಲು ಹೊರಟಿದ್ದ 79 ಜನರನ್ನು ಮೊದಲೇ ಸ್ಕ್ಯಾನ್ ಮಾಡಿ ಕಾದು ಕೂತಿತು. ಕೊನೆಗೆ ಪಾಸಾದವರು 39 ಜನ. ಶುರುವಿನಲ್ಲಿ ಪಾಸಾದವರಿಗೂ ಆಗದವರಿಗೂ ಆ ಭಾಗದಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ಪಾಸಾದವರಲ್ಲಿ ಮಾತ್ರ ಅದು ಬೆಳೆದಿತ್ತು. ವಾರಕ್ಕೆ ಎಷ್ಟು ಗಂಟೆ ಕಲಿತರು ಅಂತ ಲೆಕ್ಕ ಹಾಕಿದರೆ, ಇವರದು ಉಳಿದವರ ಸರಿಸುಮಾರು ಎರಡು ಪಟ್ಟು! ಇದು 2011ರ ಅಧ್ಯಯನ, ನನಗೆ ಬಹಳ ಇಷ್ಟದ್ದು. ಅದರಲ್ಲೇ ಇನ್ನೊಂದು ಮಾತೂ ಇದೆ: ಪಾಸಾದವರು ತೊಡಕಿನ ಚಿತ್ರವೊಂದನ್ನು ನೋಡಿ ಆಮೇಲೆ ನೆನಪಿನಿಂದ ಬಿಡಿಸುವುದರಲ್ಲಿ ಮಾತ್ರ ಹಿಂದೆ ಬಿದ್ದರು. ಮಿದುಳೂ ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಕಿತ್ತುಕೊಳ್ಳುತ್ತದೆ ಅಂತ ಕಾಣುತ್ತದೆ.

ವಯಸ್ಸಾದವರ ಕಥೆ ಏನು? ಜರ್ಮನಿಯಲ್ಲಿ 2004ರಲ್ಲಿ ಕೆಲವು ಯುವಕ ಯುವತಿಯರಿಗೆ ಮೂರು ಚೆಂಡುಗಳನ್ನು ಬೀಳದಂತೆ ಗಾಳಿಯಲ್ಲಿ ಆಡಿಸುವುದನ್ನು ಕಲಿಸಿದರು. ಮೂರು ತಿಂಗಳಲ್ಲಿ, ಚಲಿಸುವ ವಸ್ತುವನ್ನು ಗುರುತಿಸುವ ಮಿದುಳಿನ ಭಾಗ ತುಸು ಬೆಳೆದಿತ್ತು. ಬಿಟ್ಟ ಮೇಲೆ ಮತ್ತೆ ಇಳಿಯಿತು. ನಾಲ್ಕು ವರ್ಷದ ನಂತರ 60ರ ಆಸುಪಾಸಿನವರಿಗೂ ಅದನ್ನೇ ಕಲಿಸಿ ನೋಡಿದರು. ಚೆಂಡು ಜಾಸ್ತಿ ಬೀಳುತ್ತಿತ್ತು, ನಿಜ. ಆದರೆ ಅದೇ ಭಾಗ ಅವರಲ್ಲೂ ಬೆಳೆಯಿತು.

ಇದನ್ನು ಓದಿದ ವಾರ ನಾನೂ ಅಡುಗೆಮನೆಯಲ್ಲಿ ನಿಂತು ಮೂರು ನಿಂಬೆಹಣ್ಣು ಹಿಡಿದೆ. ನನಗೀಗ 46. ಎರಡು ಹಣ್ಣು ಹೇಗೋ ಆಗುತ್ತದೆ. ಮೂರನೆಯದನ್ನು ಬಿಡುವ ಹೊತ್ತಿಗೆ ಕೈ ಗಲಿಬಿಲಿಯಾಗಿ ಮೊದಲನೆಯದು ಫ್ರಿಜ್ಜಿನ ಕೆಳಗೆ. ಬೀಳುವ ಹಣ್ಣನ್ನು ನೋಡಬಾರದು, ಮೇಲೆ ತಿರುಗುವ ಜಾಗವನ್ನಷ್ಟೇ ನೋಡಬೇಕು ಅಂತ ಗೊತ್ತಾಗಲು ನಾಲ್ಕು ದಿನ ಬೇಕಾಯಿತು.

ಐದನೇ ದಿನ ಅಮ್ಮ ಬಂದು, "ಏನೋ ಇದು, ಉಪ್ಪಿನಕಾಯಿಗೆ ತರಿಸಿದ್ದು ಕಣೋ" ಅಂದರು. ನಾನು ಮಿದುಳು, ಜರ್ಮನಿ ಅಂತೆಲ್ಲ ವಿವರಿಸಿದೆ. ಅರ್ಧ ಕೇಳಿಸಿಕೊಂಡು ಕೈ ಚಾಚಿದರು. ಚಿಕ್ಕವರಿದ್ದಾಗ ಜಗುಲಿ ಮೇಲೆ ಆಣೆಕಲ್ಲಾಟ ಆಡಿದ ಕೈ ಅದು. ಎರಡು ಹಣ್ಣನ್ನು ಒಂದೇ ಕೈಯಲ್ಲಿ, ಒಂದಾದ ಮೇಲೊಂದು, ಹತ್ತು ಸಲ ಎಸೆದು ಹಿಡಿದರು. ಆಮೇಲೆ ಮೂರನೆಯದನ್ನೂ ಕೇಳಿದರು.