ಸ್ವಂತ ಖರ್ಚಿನ ಪುಸ್ತಕ, ಸಾದರ ಸ್ವೀಕಾರ

ವಿಮರ್ಶೆಗೆಂದು ಅಂಚೆಯಲ್ಲಿ ಬರುವ ಪುಸ್ತಕವನ್ನು ಲೇಖಕರೇ ಖರ್ಚು ಹಾಕಿ ಮಾಡಿಸಿದ್ದಾರೋ, ಪ್ರಕಾಶಕರು ತಂದಿದ್ದಾರೋ ಎಂಬುದು ಕವರು ಹರಿಯುವ ಮೊದಲೇ ತಿಳಿದುಬಿಡುತ್ತದೆ. ಪ್ರಕಾಶಕರ ಕವರಿನ ಮೇಲೆ ಅಚ್ಚಾದ ಚೀಟಿ ಇರುತ್ತದೆ. ಲೇಖಕರ ಕವರಿನ ಮೇಲೆ ದುಂಡನೆಯ ಕೈಬರಹ, ಅಂಚಿಗೆ ಮೂರು ಸುತ್ತು ಟೇಪು, ಒಳಗೆ ‘ತಮ್ಮ ಅಮೂಲ್ಯ ಅಭಿಪ್ರಾಯಕ್ಕಾಗಿ’ ಎಂದು ಬರೆದ ಕಾಗದ, ಕೆಳಗೆ ಮೊಬೈಲ್ ಸಂಖ್ಯೆ. ಪ್ರಕಾಶನದ ಹೆಸರು ಮನೆದೇವರದ್ದೋ ಮಗಳದ್ದೋ ಆಗಿರುತ್ತದೆ. ವಿಳಾಸ ಲೇಖಕರ ಮನೆಯದ್ದೇ.

ಇಂಥ ಪುಸ್ತಕಗಳನ್ನು ಯಾರೂ ವಿಮರ್ಶಿಸುವುದಿಲ್ಲ ಎಂಬುದು ಲೇಖಕರ ದೂರು. ಬರುವ ವಿಮರ್ಶೆಯೆಲ್ಲ ಬರೀ ಹೊಗಳಿಕೆ ಎಂಬುದು ಓದುಗರ ದೂರು. ಓದಲು ಪುರುಸೊತ್ತಿಲ್ಲ, ಬರೆದರೆ ಜಾಗವಿಲ್ಲ, ಇದ್ದದ್ದು ಇದ್ದ ಹಾಗೆ ಬರೆದರೆ ಸ್ನೇಹ ಉಳಿಯುವುದಿಲ್ಲ ಎಂಬುದು ವಿಮರ್ಶಕರ ದೂರು. ಮೂವರ ಮಾತಿನಲ್ಲೂ ಸತ್ಯವಿದೆ. ಈ ಗೋಜಲು ಹುಟ್ಟಿದ್ದು ಹೇಗೆಂದು ನೋಡಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸ್ವಂತವಾಗಿ ಪುಸ್ತಕ ಮಾಡಿಕೊಳ್ಳುವುದು ಕನ್ನಡದಲ್ಲಿ ಎಂದೂ ಕೀಳಾಗಿರಲಿಲ್ಲ. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಮಾಸ್ತಿಯವರ ಪುಸ್ತಕಗಳು ಅವರದೇ ಜೀವನ ಕಾರ್ಯಾಲಯದಿಂದ ಬಂದವು. ಕುವೆಂಪು ಅವರ ಅನೇಕ ಕೃತಿಗಳ ಮೇಲೆ ಅವರ ಮನೆಯ ಹೆಸರಾದ ‘ಉದಯರವಿ’ ಇದೆ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಅಚ್ಚುಕೂಟವನ್ನೇ ಇಟ್ಟುಕೊಂಡಿದ್ದರು. ಇವರನ್ನು ಯಾರೂ ‘ಸ್ವಪ್ರಕಾಶಿತ ಲೇಖಕರು’ ಎಂದು ಬೇರೆ ಸಾಲಿನಲ್ಲಿ ಕೂರಿಸಲಿಲ್ಲ. ಪುಸ್ತಕ ಬಂದರೆ ಪುಸ್ತಕ, ಅಷ್ಟೆ.

ಅದನ್ನು ತೂಗಿ ನೋಡುವ ಜಾಗಗಳೂ ಇದ್ದವು. 1915ರಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು, ಅದರ ಬೆನ್ನಿಗೇ ಪರಿಷತ್ಪತ್ರಿಕೆ, 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’. ವರ್ಷಕ್ಕೆ ಬರುವ ಪುಸ್ತಕಗಳೇ ಕಡಿಮೆ, ಓದುವವರೂ ಕಡಿಮೆ, ಬರೆದವರು ಯಾರೆಂದು ಎಲ್ಲರಿಗೂ ಗೊತ್ತು. ನವ್ಯ ಸಾಹಿತ್ಯದ ಕಾಲಕ್ಕೆ, ಅಂದರೆ 1962ರಲ್ಲಿ ಅಡಿಗರ ‘ಸಾಕ್ಷಿ’ ಮತ್ತು 1964ರಲ್ಲಿ ಧಾರವಾಡದ ‘ಸಂಕ್ರಮಣ’ ಪತ್ರಿಕೆಗಳು ಬರುವ ಹೊತ್ತಿಗೆ, ವಿಮರ್ಶೆಗೆ ಮೊನಚು ಬಂತು. ಆದರೆ ಆ ಮೊನಚು ಕೆಲವೇ ಪುಸ್ತಕಗಳ ಮೇಲೆ ನಾಟಿತು. ಅದೇ ಕಾಲದಲ್ಲಿ ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿ ಬರೆದು, ಬಾಡಿಗೆ ಗ್ರಂಥಾಲಯಗಳ ಮುಂದೆ ಜನರನ್ನು ನಿಲ್ಲಿಸಿದ್ದರು. ಗಂಭೀರ ಪತ್ರಿಕೆಗಳು ಆ ಕಡೆ ತಲೆ ಎತ್ತಿ ನೋಡಿದ್ದು ಅಪರೂಪ. ಜನ ಓದುವುದು ಒಂದು, ವಿಮರ್ಶೆಯಾಗುವುದು ಇನ್ನೊಂದು ಎಂಬ ಗೆರೆ ಬಿದ್ದದ್ದು ಆಗಲೇ. ಈಗಲೂ ಅದು ಅಳಿಸಿಲ್ಲ.

ಇನ್ನೊಂದು ತಿರುವು ಬಂದದ್ದು ಯಾರೂ ಸಾಹಿತ್ಯ ಚರಿತ್ರೆಯಲ್ಲಿ ಹುಡುಕದ ಕಡೆಯಿಂದ: 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಸೇರಿತು. ಆ ಹಣದಿಂದ ಗ್ರಂಥಾಲಯ ಇಲಾಖೆ ಪುಸ್ತಕ ಕೊಳ್ಳತೊಡಗಿತು. ಇದೇ ಮುಂದೆ ‘ಸಗಟು ಖರೀದಿ’ ಎಂದು ಹೆಸರಾಯಿತು. ಆಯ್ಕೆಯಾದ ಪುಸ್ತಕದ ಮುನ್ನೂರು ಪ್ರತಿ ಒಮ್ಮೆಲೇ ಹೋಗುತ್ತದೆ ಎಂದರೆ, ಕೈಯಿಂದ ದುಡ್ಡು ಹಾಕಿದ ಮೇಷ್ಟರಿಗೆ ಅಸಲು ಬಂದ ಹಾಗೆಯೇ. ಖರೀದಿಗೆ ಆಯಾ ವರ್ಷದಲ್ಲಿ ಮೊದಲ ಮುದ್ರಣ ಕಂಡ ಪುಸ್ತಕವೇ ಆಗಬೇಕು, ಬೆಲೆ ಪುಟದ ಲೆಕ್ಕದಲ್ಲಿ. ಹಾಗಾಗಿ ಡಿಸೆಂಬರ್ ಬಂತೆಂದರೆ ಅಚ್ಚುಕೂಟಗಳಲ್ಲಿ ಸುಗ್ಗಿ. ಪುಟದ ಲೆಕ್ಕ ಅಕ್ಷರದ ಗಾತ್ರದ ಮೇಲೂ ಅಂಚಿನ ಅಗಲದ ಮೇಲೂ ಏನು ಪರಿಣಾಮ ಮಾಡಿತು ಎಂಬುದನ್ನು ಆ ಕಾಲದ ಕವನ ಸಂಕಲನ ಬಿಡಿಸಿದ ಯಾರೂ ಬಲ್ಲರು.

ಪುಸ್ತಕಗಳನ್ನು ಆರಿಸುವ ಸಮಿತಿ ಪುಸ್ತಕದ ಹಣೆಬರಹ ತೀರ್ಮಾನಿಸುತ್ತದೆ. ಆದರೆ ಯಾವುದು ಏಕೆ ಆಯ್ಕೆಯಾಯಿತು, ಯಾವುದು ಏಕೆ ಬಿಟ್ಟುಹೋಯಿತು ಎಂದು ಅದು ಒಂದು ಸಾಲನ್ನೂ ಬರೆಯಬೇಕಾಗಿಲ್ಲ. 1993ರಲ್ಲಿ ಬಂದ ಪುಸ್ತಕ ಪ್ರಾಧಿಕಾರ ಯುವ ಲೇಖಕರ ಚೊಚ್ಚಲ ಕೃತಿಗೆ ಸಹಾಯಧನ ಕೊಡುತ್ತದೆ, ಸಾಹಿತ್ಯ ಅಕಾಡೆಮಿಯ ದತ್ತಿ ಬಹುಮಾನಗಳಿವೆ. ಒಳ್ಳೆಯ ಕೆಲಸಗಳೇ. ಅಲ್ಲಿಯೂ ತೀರ್ಪುಗಾರರು ಓದುತ್ತಾರೆ, ಅಂಕ ಹಾಕುತ್ತಾರೆ, ಹಸ್ತಪ್ರತಿಯ ನಡುಭಾಗ ಬಿಗಿಯಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಾರೆ. ಅದು ಮಾತ್ರ ಲೇಖಕನಿಗೂ ತಲುಪುವುದಿಲ್ಲ, ಓದುಗನಿಗೂ ತಲುಪುವುದಿಲ್ಲ.

ತಲುಪಿಸುವ ಕೆಲಸ ಪತ್ರಿಕೆಗಳ ಭಾನುವಾರದ ಪುರವಣಿಗಳ ಪಾಲಿಗೆ ಬಂತು. ಪುರವಣಿಯೊಂದಕ್ಕೆ ನಾನು ಪುಸ್ತಕ ಪರಿಚಯ ಬರೆಯುತ್ತಿದ್ದ ಕೆಲವು ವರ್ಷಗಳ ಕಾರಣ ಈ ಕಾಲದ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಗೊತ್ತು. ‘ವಿಮರ್ಶೆಗೆ ಎರಡು ಪ್ರತಿ ಕಳುಹಿಸಿ’ ಎಂಬುದು ನಿಯಮ. ಒಂದು ಬರೆಯುವವರಿಗೆ, ಒಂದು ಕಚೇರಿಯ ಕಪಾಟಿಗೆ. ಕಪಾಟು ತುಂಬಿ, ಪುಸ್ತಕಗಳು ಕಿಟಕಿಯ ಕಟ್ಟೆಗೆ ಬಂದು, ಅಲ್ಲಿಂದ ನೆಲಕ್ಕಿಳಿದಿದ್ದವು. ವಾರಕ್ಕೆ ಎರಡೋ ಮೂರೋ ಪರಿಚಯಕ್ಕೆ ಜಾಗ, ಜಾಹೀರಾತು ಬಂದರೆ ಅದೂ ಇಲ್ಲ. ಉಳಿದವಕ್ಕೆಲ್ಲ ‘ಸಾದರ ಸ್ವೀಕಾರ’: ಹೆಸರು, ಲೇಖಕರು, ಪುಟ, ಬೆಲೆ, ವಿಳಾಸ. ಎರಡು ವರ್ಷ ನಿದ್ದೆಗೆಟ್ಟು ಬರೆದ ಕಾದಂಬರಿಗೆ ಪಂಚಾಂಗದ ಸಾಲಿನಂಥ ಒಂದು ಸಾಲು. ಆ ಸಾಲನ್ನೇ ಕತ್ತರಿಸಿ ಕಡತಕ್ಕೆ ಅಂಟಿಸಿಕೊಂಡವರನ್ನು ನಾನು ಕಂಡಿದ್ದೇನೆ.

ಪರಿಚಯದ ಭಾಗ್ಯ ಬಂದ ಪುಸ್ತಕಗಳ ಗತಿಯೂ ಹೇಳಿಕೊಳ್ಳುವಂಥದ್ದಲ್ಲ. ಸ್ವಂತ ಖರ್ಚಿನ ಪುಸ್ತಕಕ್ಕೆ ಬೆನ್ನಾಸರೆ ಬೇಕು, ಹಾಗಾಗಿ ಮುನ್ನುಡಿ, ಆಶಯ ನುಡಿ, ಹಾರೈಕೆ, ಲೇಖಕರ ಅರಿಕೆ, ಬೆನ್ನುಡಿ ಎಂದು ಕತೆ ಶುರುವಾಗುವ ಮೊದಲೇ ಹದಿನೈದು ಪುಟ. ಮುನ್ನೂರು ಪದದಲ್ಲಿ, ಗುರುವಾರದೊಳಗೆ ಬರೆದುಕೊಡಬೇಕಾದವನಿಗೆ ಈ ಹದಿನೈದು ಪುಟ ಕಾಮಧೇನು. ಒಮ್ಮೆ ಒಂದು ಕವನ ಸಂಕಲನದ ಬಗ್ಗೆ ಬರೆಯುತ್ತ, ಅಮ್ಮನ ಸೆರಗಿನ ಮೇಲಿನ ಕವಿತೆಯೊಂದನ್ನು ‘ಸಂಕಲನದ ಶಿಖರ’ ಎಂದು ಹೊಗಳಿ, ಎರಡು ಸಾಲನ್ನೂ ಎತ್ತಿ ಕೊಟ್ಟಿದ್ದೆ. ಸೋಮವಾರ ಕವಿಯ ಫೋನು ಬಂತು. ಧನ್ಯವಾದ ಹೇಳಿದರು, ಊಟ ಆಯಿತೇ ಎಂದು ವಿಚಾರಿಸಿದರು, ಕೊನೆಗೆ ಬಹಳ ಸಂಕೋಚದಿಂದ, ‘ಸರ್, ಆ ಕವಿತೆಯನ್ನು ಅಚ್ಚಿಗೆ ಹೋಗುವಾಗ ತೆಗೆದುಬಿಟ್ಟಿದ್ದೆ. ಮುನ್ನುಡಿಯಲ್ಲಿ ಮಾತ್ರ ಉಳಿದುಕೊಂಡಿತ್ತು’ ಎಂದರು. ಮೊದಲು ಹಸ್ತಪ್ರತಿ ನೋಡಿದ ಹಿರಿಯರು ಮುನ್ನುಡಿಯಲ್ಲಿ ಹೊಗಳಿದ್ದರು, ನಾನು ಅವರ ಬೆನ್ನು ಹಿಡಿದಿದ್ದೆ. ತಿದ್ದುಪಡಿ ಹಾಕಿ ಎಂದು ಆ ಪುಣ್ಯಾತ್ಮರು ಕೇಳಲೂ ಇಲ್ಲ.

ನಿಜವಾಗಿ ಓದಿ ಬರೆದಾಗ ಆದದ್ದು ಬೇರೆ. ಒಂದು ಕಾದಂಬರಿಯ ಕೊನೆಯ ಭಾಗ ಅವಸರದ್ದು ಎಂದು ಒಂದೇ ವಾಕ್ಯ ಬರೆದಿದ್ದಕ್ಕೆ ಲೇಖಕರು ಮಾತು ಬಿಟ್ಟರು. ಮದುವೆಮನೆಯೊಂದರ ಪಂಕ್ತಿಯಲ್ಲಿ ಎದುರಾದಾಗ, ‘ಮುನ್ನುಡಿ ಬರೆದವರಿಗೆ ಕಾಣದ್ದು ನಿಮಗೆ ಕಂಡಿತಲ್ಲ’ ಎಂದಷ್ಟೇ ಹೇಳಿ ಸಾರಿಗೆ ಕೈಹಾಕಿದರು.

ಆ ಹೊತ್ತಿಗೆ ಪುಸ್ತಕ ಮಾಡುವ ದಾರಿಯೇ ಬದಲಾಗಿತ್ತು. ‘ಬರಹ’, ‘ನುಡಿ’ ತಂತ್ರಾಂಶಗಳು ಬಂದು ಅಕ್ಷರ ಜೋಡಣೆ ಮನೆಯ ಮೇಜಿಗೆ ಬಂತು. ಒಂದು ಕಾಲಕ್ಕೆ ಸಾವಿರ ಪ್ರತಿ ಹಾಕಿಸದೆ ಗತಿಯಿರಲಿಲ್ಲ. ಈಗ ಐವತ್ತು ಪ್ರತಿಯೂ ಸಾಧ್ಯ, ಬೇಕಾದಾಗ ಇನ್ನೈವತ್ತು. ಲೇಖಕ ವಸುಧೇಂದ್ರರು ಕಟ್ಟಿದ ಛಂದ ಪುಸ್ತಕ ಹೊಸ ಕತೆಗಾರರನ್ನು ಸ್ಪರ್ಧೆಯ ಮೂಲಕ ಹುಡುಕಿ ತಂದಿತು. ವಿದ್ಯುನ್ಮಾನ ಪುಸ್ತಕದ ವಿಷಯದಲ್ಲಿ ನಮಗೆ ಸಿಕ್ಕ ಆರಂಭ ಅಷ್ಟು ಚೆನ್ನಾಗಿರಲಿಲ್ಲ: 2016ರ ಕೊನೆಗೆ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಭಾಷೆಗಳಿಗೆ ಬಾಗಿಲು ತೆರೆದಾಗ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆ ಜಾಗದಲ್ಲಿ ಮೈಲ್ಯಾಂಗ್‌ನಂಥ ಕನ್ನಡದ್ದೇ ಆ್ಯಪ್ ಬಂತು. ಪ್ರತಿಲಿಪಿ ಜಾಲತಾಣದಲ್ಲಿ ಕಂತು ಕಂತಾಗಿ ಕಾದಂಬರಿ ಬರೆಯುವವರು ಹೆಚ್ಚಿದರು.

ಜೊತೆಗೆ ಬಗೆಗಳೂ ಹೆಚ್ಚಿದವು. ಅಪರಾಧ ಕಥನ, ದೆವ್ವದ ಕತೆ, ವಿಜ್ಞಾನ ಕತೆ, ಪ್ರವಾಸ ಕಥನ, ಗಜಲ್, ಕಚೇರಿ ಜೀವನದ ಲಲಿತ ಪ್ರಬಂಧ. ಅಳೆಯುವ ಕೋಲು ಮಾತ್ರ ಒಂದೇ ಉಳಿಯಿತು. ದೆವ್ವದ ಕತೆಯನ್ನು ಹಿಡಿದು ‘ಸಾಮಾಜಿಕ ಕಾಳಜಿಯ ಕೊರತೆ ಎದ್ದು ಕಾಣುತ್ತದೆ’ ಎಂದು ಬರೆದದ್ದನ್ನು ನಾನೇ ಓದಿದ್ದೇನೆ. ದೀಪ ಆರಿಸಿದ ಮೇಲೆ ಹೆದರಿಕೆ ಆಯಿತೇ ಇಲ್ಲವೇ ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಪತ್ತೇದಾರಿ ಕಾದಂಬರಿಯಾದರೆ ಸುಳಿವನ್ನು ಓದುಗನ ಕಣ್ಣೆದುರೇ ಇಟ್ಟು ಮರೆಸಿದ್ದಾರೆಯೇ, ಇಲ್ಲ ಕೊನೆಯ ಪುಟದಲ್ಲಿ ಜೇಬಿನಿಂದ ತೆಗೆದಿದ್ದಾರೆಯೇ ಎಂದು ಕೇಳಬೇಕು. ಪ್ರವಾಸ ಕಥನವಾದರೆ ಲೇಖಕರು ಕಾರಿನಿಂದ ಇಳಿದಿದ್ದಾರೆಯೇ ಎಂಬುದೇ ಮೊದಲ ಪ್ರಶ್ನೆ.

ಈಗ ಪುರವಣಿಯ ಪುಟ ಸಣ್ಣದಾಗಿದೆ. ಆ ಕೆಲಸವನ್ನು ಬಿಡುಗಡೆ ಸಮಾರಂಭದ ‘ಕೃತಿ ಪರಿಚಯ’ ಭಾಷಣ ಸ್ವಲ್ಪ ಮಾಡುತ್ತದೆ. ಶಾಲು ಹೊದ್ದು ನಿಂತವರು ಎಷ್ಟು ನಿಷ್ಠುರವಾಗಬಲ್ಲರು? ಫೇಸ್‌ಬುಕ್‌ನಲ್ಲಿ ಮುಖಪುಟದ ಜೊತೆ ಕಾಫಿ ಲೋಟ ಇಟ್ಟು ತೆಗೆದ ಚಿತ್ರ ಸ್ವಲ್ಪ ಮಾಡುತ್ತದೆ. ಆ್ಯಪ್‌ಗಳಲ್ಲಿ ಐದು ನಕ್ಷತ್ರ ಒತ್ತಿದರೆ ಮುಗಿಯಿತು, ಸಮಿತಿಯ ಅಂಕದ ಹಾಗೆಯೇ ಅದಕ್ಕೂ ಕಾರಣ ಬರೆಯಬೇಕಿಲ್ಲ. ನಡುನಡುವೆ ಯಾರೋ ಒಬ್ಬ ಎಂಜಿನಿಯರೋ ಗೃಹಿಣಿಯೋ, ತಾನು ದುಡ್ಡು ಕೊಟ್ಟು ಕೊಂಡ ಪುಸ್ತಕದ ಬಗ್ಗೆ ನಾಲ್ಕು ಪ್ಯಾರಾ ಬರೆದು, ಅರವತ್ತನೇ ಪುಟದಿಂದ ಬೇಸರ ಬಂತು, ಆದರೆ ಅಜ್ಜಿಯ ಪಾತ್ರಕ್ಕಾಗಿ ಮುಗಿಸಿದೆ ಎಂದು ಹೇಳಿರುತ್ತಾರೆ. ನನ್ನ ಮಟ್ಟಿಗೆ ಈಚಿನ ಒಳ್ಳೆಯ ವಿಮರ್ಶೆ ಇರುವುದು ಅಲ್ಲಿ.

ಕಳೆದ ವಾರವೂ ಒಂದು ಕವರು ಬಂತು. ದುಂಡನೆಯ ಕೈಬರಹ, ಮೂರು ಸುತ್ತು ಟೇಪು. ಒಳಗಿನ ಚೀಟಿಯಲ್ಲಿ ಎರಡೇ ಸಾಲು: ‘ಯಾರನ್ನು ಕೇಳಬೇಕೋ ಗೊತ್ತಾಗಲಿಲ್ಲ, ಆದ್ದರಿಂದ ಮುನ್ನುಡಿ ಬರೆಸಿಲ್ಲ. ಕ್ಷಮೆ ಇರಲಿ.’ ಕತೆ ಐದನೇ ಪುಟಕ್ಕೇ ಶುರುವಾಗಿದೆ. ನಾನು ನಲವತ್ತೊಂದನೇ ಪುಟದಲ್ಲಿದ್ದೇನೆ.