ಲೈಟ್ ಬರುತ್ತೆ, ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಮಾತ್ರ ಕಪ್ಪು: ಮದರ್‌ಬೋರ್ಡೇ ಹೋಯ್ತಾ?

ಪ್ರಶ್ನೆ: ಸರ್, ನನ್ನ ಲ್ಯಾಪ್‌ಟಾಪ್ 5 ವರ್ಷ ಹಳೇದು. ಮಳೆಗಾಲ ಶುರುವಾದ್ಮೇಲೆ ಒಂದು ತಿಂಗಳು ಬ್ಯಾಗಲ್ಲೇ ಬಿದ್ದಿತ್ತು. ಈಗ ಬಟನ್ ಒತ್ತಿದ್ರೆ ಲೈಟ್ ಬರುತ್ತೆ, ಫ್ಯಾನ್ ಸದ್ದೂ ಕೇಳುತ್ತೆ, ಸ್ಕ್ರೀನ್ ಮಾತ್ರ ಪೂರ್ತಿ ಕಪ್ಪು. ಅಂಗಡಿಗೆ ತಗೊಂಡು ಹೋದೆ, ಆನ್ ಮಾಡಿ ನೋಡಿದ ತಕ್ಷಣ ಮದರ್‌ಬೋರ್ಡ್ ಹೋಗಿದೆ, 14 ಸಾವಿರ ಆಗುತ್ತೆ, ಡೇಟಾನೂ ಸಿಗಲ್ಲ ಅಂದ್ರು. ಮಾಡಿಸ್ಲಾ, ಹೊಸದೇ ತಗೊಳ್ಲಾ?

ಸದ್ಯಕ್ಕೆ ಎರಡೂ ಬೇಡ. ಮದರ್‌ಬೋರ್ಡ್ ಹೋಗಿರಲೂಬಹುದು, ಹೋಗಿಲ್ಲ ಅಂತ ನಾನು ಇಲ್ಲಿ ಕೂತ್ಕೊಂಡು ಹೇಳಕ್ಕಾಗಲ್ಲ, ಆದ್ರೆ ಹಿಂದಿನ ಮುಚ್ಚಳ ಬಿಚ್ಚದೆ ಹಾಗೆ ಹೇಳೋಕೆ ಅವ್ರಿಗೂ ಆಗಲ್ಲ. ಜ್ವರ ಅಂತ ಹೋದವ್ರನ್ನ ನಾಡಿನೂ ಹಿಡಿದು ನೋಡ್ದೆ ಕಿಡ್ನಿ ಹೋಗಿದೆ ಅಂದ ಹಾಗಾಯ್ತು ಇದು. ಇನ್ನು ಡೇಟಾ ವಿಷ್ಯ. ನಿಮ್ಮ ಫೋಟೋ, ಫೈಲು ಎಲ್ಲ ಇರೋದು ಎಸ್‌ಎಸ್‌ಡಿ ಅಥ್ವಾ ಹಾರ್ಡ್ ಡಿಸ್ಕಲ್ಲಿ, ಬಹಳಷ್ಟು ಲ್ಯಾಪ್‌ಟಾಪಲ್ಲಿ ಅದು ಬಿಚ್ಚಿ ತೆಗೆಯೋ ಬೇರೆ ಪಾರ್ಟು, ಬೋರ್ಡ್ ಸತ್ರೆ ಅದೂ ಸಾಯ್ಬೇಕು ಅಂತೇನಿಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಮೊದ್ಲು ಒಂದು ವಿಷ್ಯ ತಲೇಲಿ ಕೂರ್ಬೇಕು. "ಆನ್ ಆಗ್ತಿಲ್ಲ" ಅನ್ನೋದು ಒಂದೇ ಕಾಯಿಲೆ ಅಲ್ಲ, ಎಲ್ಲಿವರೆಗೆ ಬಂದು ನಿಲ್ತಿದೆ ಅನ್ನೋದೇ ಇಲ್ಲಿ ಮುಖ್ಯ. ನೀವು ಬಟನ್ ಒತ್ತಿದಾಗ ಮೊದ್ಲು ಎಚ್ಚರ ಆಗೋದು ಬೋರ್ಡ್ ಮೇಲಿರೋ ಎಂಬೆಡೆಡ್ ಕಂಟ್ರೋಲರ್ ಅನ್ನೋ ಪುಟ್ಟ ಚಿಪ್ಪು, ಲೈಟ್, ಫ್ಯಾನ್, ಚಾರ್ಜಿಂಗ್ ಇವೆಲ್ಲ ಅದ್ರ ಸುಪರ್ದಿ. ಅದು ಸರಿಯಾಗಿ ಕರೆಂಟ್ ಹಂಚಿದ್ಮೇಲೆ ಪ್ರೊಸೆಸರ್ ಏಳುತ್ತೆ, ಬೋರ್ಡಲ್ಲೇ ಇರೋ ಬಯೋಸ್ ಅನ್ನೋ ಪುಟ್ಟ ಸಾಫ್ಟ್‌ವೇರ್ ಓಡುತ್ತೆ, ರ್‍ಯಾಮ್ (ಕೆಲ್ಸ ಮಾಡುವಾಗ ಬಳಸೋ ತಾತ್ಕಾಲಿಕ ಮೆಮೊರಿ) ಇದೆಯಾ ಸರಿ ಇದೆಯಾ ಅಂತ ನೋಡುತ್ತೆ, ಡಿಸ್ಪ್ಲೇ ಎಬ್ಬಿಸುತ್ತೆ, ಆಗ ಕಂಪನಿ ಲೋಗೋ ಬರುತ್ತೆ. ಲೋಗೋ ಆದ್ಮೇಲೇ ಡಿಸ್ಕಲ್ಲಿ ವಿಂಡೋಸ್ ಎಲ್ಲಿದೆ ಅಂತ ಹುಡ್ಕೋದು. ನಿಮಗೆ ಲೋಗೋನೇ ಕಂಡಿಲ್ಲ, ಅಂದ್ರೆ ತೊಂದ್ರೆ ವಿಂಡೋಸ್‌ದಾಗಿರೋದು ಕಡಿಮೆ. ಲೋಗೋ ಬರದಿರೋ ಮಷೀನ್‌ಗೆ "ಫಾರ್ಮ್ಯಾಟ್ ಹೊಡ್ದು ಕೊಡ್ತೀನಿ" ಅಂತ ಯಾರಾದ್ರೂ ಅಂದ್ರೆ ಬ್ಯಾಗ್ ಎತ್ಕೊಂಡು ಬನ್ನಿ.

ಈಗ ಮಷೀನ್ ಸತ್ತಿದೆಯಾ ಅಥ್ವಾ ಸ್ಕ್ರೀನ್ ಮಾತ್ರ ಕಾಣ್ತಿಲ್ವಾ ಅಂತ ನೋಡೋಣ. ಆನ್ ಮಾಡಿ ಒಂದೆರಡು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಒತ್ತಿ. ಒತ್ತಿದಾಗೆಲ್ಲ ಅದ್ರ ಲೈಟ್ ಹತ್ತಿ ಆರಿ ಮಾಡ್ತಿದ್ರೆ ಒಳಗೆ ಜೀವ ಇದೆ, ಬಹುಶಃ ವಿಂಡೋಸ್ ಕೂಡ ಬಂದು ಕೂತಿದೆ, ನಿಮಗೆ ಕಾಣ್ತಿಲ್ಲ ಅಷ್ಟೆ. ಆಗ ರೂಮಿನ ಲೈಟ್ ಆರಿಸಿ ಮೊಬೈಲ್ ಟಾರ್ಚನ್ನ ಓರೆಯಾಗಿ ಸ್ಕ್ರೀನ್ ಮೇಲೆ ಬಿಡಿ, ಮಸುಕಾಗಿ ಲೋಗೋನೋ ಐಕಾನೋ ಕಂಡ್ರೆ ಸ್ಕ್ರೀನ್ ಹಿಂದಿರೋ ಬೆಳಕು ಮಾತ್ರ ಹೋಗಿದೆ ಅಂತರ್ಥ. ಆಮೇಲೆ ಮನೆ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ, ವಿಂಡೋಸ್ ಕೀ ಜೊತೆ ಪಿ ಒತ್ತಿ ನೋಡಿ. ಟಿವೀಲಿ ಬಂತು ಅಂದ್ರೆ ಸಮಸ್ಯೆ ಡಿಸ್ಪ್ಲೇದು ಅಥ್ವಾ ಹಿಂಜ್ ಹತ್ರ ಹಾದುಹೋಗೋ ಡಿಸ್ಪ್ಲೇ ಕೇಬಲ್‌ದು, ದಿನಾ ತೆಗೆದು ಮುಚ್ಚಿ ತೆಗೆದು ಮುಚ್ಚಿ ಆ ಕೇಬಲ್ ಸವೆಯೋದು ಬಹಳ ಮಾಮೂಲಿ. ವಿಂಡೋಸ್ ಬಂದಿದ್ರೆ ಇನ್ನೊಂದು ಕೀಲಿ ಇದೆ, ಕಂಟ್ರೋಲ್, ಶಿಫ್ಟ್, ವಿಂಡೋಸ್, ಬಿ ನಾಲ್ಕೂ ಒಟ್ಟಿಗೆ, ಗ್ರಾಫಿಕ್ಸ್ ಡ್ರೈವರ್ ರೀಸ್ಟಾರ್ಟ್ ಆಗುತ್ತೆ. ಬ್ರೈಟ್‌ನೆಸ್ ಸೊನ್ನೆಗೆ ಇಳಿದಿರೋದೂ ಉಂಟು, ನಗ್ಬೇಡಿ, ಮಕ್ಕಳಿರೋ ಮನೇಲಿ ಇದೇ ಜಾಸ್ತಿ.

ಅಂದ ಹಾಗೆ ಇನ್ನೊಂದು ತಮಾಷೆ. ಲ್ಯಾಪ್‌ಟಾಪ್ ಮುಚ್ಚಿದ್ದು ಗೊತ್ತಾಗೋದು ಅಂಚಲ್ಲಿರೋ ಪುಟ್ಟ ಮ್ಯಾಗ್ನೆಟ್ಟಿಂದ. ಹಾಗಾಗಿ ಮ್ಯಾಗ್ನೆಟ್ ಇರೋ ಮೊಬೈಲ್ ಕವರ್ ಕೀಬೋರ್ಡ್ ಪಕ್ಕ ಇಟ್ರೆ, ಇಲ್ಲಾ ಒಂದು ಲ್ಯಾಪ್‌ಟಾಪ್ ಮೇಲೆ ಇನ್ನೊಂದಿಟ್ಟು ತೆರೆದ್ರೆ, ಅದು ಮುಚ್ಚಿದೆ ಅಂದ್ಕೊಂಡು ಸ್ಕ್ರೀನ್ ಆರಿಸುತ್ತೆ. ರಿಪೇರಿಗೆ ಹೋಗೋ ಮುಂಚೆ ಟೇಬಲ್ ಖಾಲಿ ಮಾಡಿ ಒಮ್ಮೆ ನೋಡಿ.

ಕ್ಯಾಪ್ಸ್ ಲಾಕ್ ಕೂಡ ಅಲ್ಲಾಡ್ತಿಲ್ವಾ? ಹಾಗಾದ್ರೆ ಮುಂದಿನ ಕೆಲ್ಸ ಒಳಗೆ ಉಳ್ಕೊಂಡಿರೋ ಕರೆಂಟ್ ಖಾಲಿ ಮಾಡೋದು. ಚಾರ್ಜರ್ ತೆಗೀರಿ, ಪೆನ್‌ಡ್ರೈವ್, ಮೌಸ್, ಎಸ್‌ಡಿ ಕಾರ್ಡ್ ಏನೇನು ಚುಚ್ಚಿದೀರೋ ಎಲ್ಲ ತೆಗೀರಿ, ಹಳೇ ಮಾಡೆಲ್ ಆಗಿ ಬ್ಯಾಟರಿ ಹೊರಗಿಂದ ಬಿಚ್ಚೋ ಹಾಗಿದ್ರೆ ಅದನ್ನೂ ತೆಗೀರಿ, ಪವರ್ ಬಟನ್ ಪೂರ್ತಿ 30 ಸೆಕೆಂಡ್ ಒತ್ತಿ ಹಿಡೀರಿ, ಕೆಲವಕ್ಕೆ 60 ಸೆಕೆಂಡ್ ಬೇಕು. ಬಿಟ್ಟು, ಬರೀ ಚಾರ್ಜರ್ ಹಾಕಿ ಆನ್ ಮಾಡಿ. ಇದೇನು ಮಂತ್ರ ಅಲ್ಲ. ಆಗ್ಲೇ ಹೇಳಿದ ಆ ಕಂಟ್ರೋಲರ್ ಚಿಪ್ಪು ನೀವು ಶಟ್‌ಡೌನ್ ಮಾಡಿದ್ರೂ ಮಲಗಲ್ಲ, ಬ್ಯಾಟರಿ ಇರೋವರ್ಗೂ ಅದು ಎಚ್ಚರವಾಗೇ ಇರುತ್ತೆ, ವೋಲ್ಟೇಜ್ ಏರಿಳಿತಕ್ಕೋ ಅರ್ಧಂಬರ್ಧ ನಿದ್ದೆಯಿಂದ ಎದ್ದಾಗಲೋ ಒಮ್ಮೊಮ್ಮೆ ಅದೇ ಮಂಕಾಗಿಬಿಡುತ್ತೆ, ಬಟನ್ ಒತ್ತಿ ಹಿಡಿದಾಗ ಅದಕ್ಕೂ ರೀಸೆಟ್ ಆಗುತ್ತೆ. ಕೆಲವು ಲೆನೊವೊ ಥಿಂಕ್‌ಪ್ಯಾಡ್‌ಗಳ ಕೆಳಗೆ ಇದಕ್ಕೇ ಅಂತ ಸೂಜಿ ಗಾತ್ರದ ತೂತು ಇರುತ್ತೆ, ಚಾರ್ಜರ್ ತೆಗೆದು ಸಿಮ್ ತೆಗೆಯೋ ಪಿನ್ ಹಾಕಿ ಮೆತ್ತಗೆ ಒತ್ತಿದ್ರೆ ಸಾಕು. ಮಳೆ, ಗುಡುಗು, ಕರೆಂಟ್ ಹೋಗಿ ಬಂದು ಮಾಡೋ ಕಡೆ ಇಷ್ಟರಲ್ಲೇ ಎಷ್ಟೋ ಸರಿಯಾಗಿದ್ದಿದೆ.

ಚಾರ್ಜರ್ ಬಗ್ಗೆ ಎರಡೇ ಮಾತು. ಒಂದು ತಿಂಗಳು ಇಟ್ಟಿದ್ದು ಅಂದ್ರೆ ಬ್ಯಾಟರಿ ತಳ ಕಂಡಿರುತ್ತೆ, ಅರ್ಧ ಗಂಟೆ ಚಾರ್ಜಿಗೆ ಹಾಕಿ ಆಮೇಲೆ ಟ್ರೈ ಮಾಡಿ. ಮತ್ತೆ 65 ವ್ಯಾಟ್ ಕೇಳೋ ಲ್ಯಾಪ್‌ಟಾಪ್‌ಗೆ ಫೋನಿನ ಟೈಪ್-ಸಿ ಚಾರ್ಜರ್ ಚುಚ್ಚಿ ಲೈಟ್ ಬಂತು ಅಂತ ನಂಬ್ಕೋಬೇಡಿ, ಲೈಟ್ ಹತ್ತೋಕೆ ಬೇಕಾಗೋ ಕರೆಂಟೇ ಬೇರೆ, ಮಷೀನ್ ಏಳೋಕೆ ಬೇಕಾಗೋದೇ ಬೇರೆ.

ಈಗ ನನ್ನ ಅನುಮಾನದ ಜಾಗಕ್ಕೆ ಬರೋಣ: ರ್‍ಯಾಮ್. ಲೈಟ್ ಇದೆ, ಫ್ಯಾನ್ ಇದೆ, ಲೋಗೋ ಇಲ್ಲ, ಮಳೆಗಾಲ, ಬ್ಯಾಗಲ್ಲಿ ಒಂದು ತಿಂಗಳು, ಇಷ್ಟೆಲ್ಲ ಸೇರಿದ್ರೆ ನಾನು ಮೊದ್ಲು ಮುಟ್ಟೋದು ಅದನ್ನೇ. ರ್‍ಯಾಮ್ ಸ್ಟಿಕ್ ಅಂಚಲ್ಲಿ ಚಿನ್ನದ ಬಣ್ಣದ ಹಲ್ಲುಗಳ ಸಾಲು ಇರುತ್ತೆ, ಡಿಡಿಆರ್4 ಲ್ಯಾಪ್‌ಟಾಪ್ ರ್‍ಯಾಮಲ್ಲಿ 260 ಪಿನ್ನು, ಅದ್ರಲ್ಲಿ ನಾಲ್ಕೈದಕ್ಕೆ ತೇವದ ಪೊರೆ ಕಟ್ಟಿದ್ರೂ ಬಯೋಸ್‌ಗೆ ರ್‍ಯಾಮೇ ಕಾಣ್ದೇ ಹೋಗ್ಬಹುದು, ಅಲ್ಲೇ ನಿಂತ್ಬಿಡುತ್ತೆ, ನಿಮಗೆ ಕಪ್ಪು ಸ್ಕ್ರೀನು. ತೀರ್ಥಹಳ್ಳಿ ಕಡೆ ನಮ್ಮ ಅತ್ತೆ ಮನೇಲಿ ಇದೇ ಆಗಿತ್ತು, ಆಷಾಢದ ಮಳೆ, ಗೋಡೆಗೇ ಬೂಷ್ಟು ಬರೋ ಟೈಮು, ಲ್ಯಾಪ್‌ಟಾಪ್ ಬಿಟ್ಟುಬಿಡುತ್ತಾ. ಅವ್ರಿಗೂ ಒಂದು ಕಡೆ ಬೋರ್ಡ್ ಹೋಗಿದೆ ಅಂತ್ಲೇ ಹೇಳಿದ್ರಂತೆ. ರ್‍ಯಾಮ್ ತೆಗೆದು, ಅತ್ತೆ ಮಗಳ ಜಾಮಿಟ್ರಿ ಬಾಕ್ಸಿಂದ ಬಿಳಿ ರಬ್ಬರ್ ಇಸ್ಕೊಂಡು ಉಜ್ಜಿ ಹಾಕಿದ್ವಿ, ಲೋಗೋ ಬಂತು, ಅತ್ತೆ ನನ್ನನ್ನ ಇಂಜಿನಿಯರ್ ಅಂತ ಮೊದಲ ಸಲ ಒಪ್ಕೊಂಡಿದ್ದು ಅವತ್ತೇ.

ನೀವೇ ಮಾಡೋದಾದ್ರೆ ಅವಸರ ಮಾಡ್ಬೇಡಿ. ವಾರಂಟಿ ಇನ್ನೂ ಇದ್ರೆ ಬಿಚ್ಚಲೇಬೇಡಿ. ಟಚ್‌ಪ್ಯಾಡ್ ಮೇಲೆದ್ದಿದ್ರೆ, ತಳ ಉಬ್ಬಿದ್ರೆ ಅದು ಬ್ಯಾಟರಿ ಊದಿರೋದು, ಚಾರ್ಜಿಗೂ ಹಾಕ್ಬೇಡಿ, ಸೀದಾ ರಿಪೇರಿಯವ್ರ ಹತ್ರ. ಏನೂ ಇಲ್ಲ ಅಂದ್ರೆ ನಿಮ್ಮ ಮಾಡೆಲ್ ಬಿಚ್ಚೋ ವಿಡಿಯೋ ಒಂದು ನೋಡ್ಕೊಳ್ಳಿ, ಒಂದು ಹಾಳೆ ಮೇಲೆ ಲ್ಯಾಪ್‌ಟಾಪ್ ಚಿತ್ರ ಬರ್ದು ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಟೇಪ್ ಹಚ್ಚಿಡಿ, ಯಾಕಂದ್ರೆ ಎಲ್ಲ ಒಂದೇ ಉದ್ದ ಇರಲ್ಲ, ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿ ತಿರುಗಿಸಿದ್ರೆ ಆಗ ನಿಜವಾಗ್ಲೂ ಬೋರ್ಡ್ ಹೋಗುತ್ತೆ. ಮುಚ್ಚಳದ ಲಾಕ್ ಬಿಡಿಸೋಕೆ ಹಳೇ ಎಟಿಎಂ ಕಾರ್ಡ್ ಸಾಕು, ಚಾಕು ಬೇಡ. ಒಳಗೆ ಕೈ ಹಾಕೋ ಮುಂಚೆ ಕಿಟಕಿ ಸರಳು ಮುಟ್ಟಿ ಮೈಯಲ್ಲಿರೋ ಸ್ಟ್ಯಾಟಿಕ್ ಇಳಿಸ್ಕೊಳ್ಳಿ, ಬ್ಯಾಟರಿ ಕನೆಕ್ಟರ್ ಮೊದ್ಲು ಬಿಡಿಸಿ, ಇದು ಮಾತ್ರ ಮರೀಬಾರ್ದು. ರ್‍ಯಾಮ್ ಎರಡೂ ಪಕ್ಕದ ಕ್ಲಿಪ್ ಅಗಲಿಸಿದ್ರೆ ತಾನೇ ಮೇಲೇಳುತ್ತೆ. ಹಲ್ಲುಗಳನ್ನ ರಬ್ಬರಿಂದ ಮೆತ್ತಗೆ ಉಜ್ಜಿ, ಪುಡಿ ಒಣ ಬಟ್ಟೇಲಿ ಒರೆಸಿ, ಓರೆಯಾಗಿ ತೂರಿಸಿ ಕ್ಲಿಕ್ ಅನ್ನೋವರ್ಗೂ ಒತ್ತಿ. ಎರಡು ಸ್ಟಿಕ್ ಇದ್ರೆ ಒಂದೊಂದೇ ಹಾಕಿ ನೋಡಿ, ಆಮೇಲೆ ಸ್ಲಾಟ್ ಬದಲಿಸಿ ನೋಡಿ, ಕೆಟ್ಟಿರೋದು ಯಾವುದು ಅಂತ ಗೊತ್ತಾಗುತ್ತೆ. ಹೊಸ ಡಿಡಿಆರ್5 ಮಷೀನಾದ್ರೆ ರ್‍ಯಾಮ್ ಬಿಚ್ಚಿ ಹಾಕಿದ್ಮೇಲೆ ಮೊದಲ ಸಲ ಅದನ್ನ ಪರಿಚಯ ಮಾಡ್ಕೊಳ್ಳೋಕೇ ಕೆಲವು ನಿಮಿಷ ತಗೊಳ್ಳುತ್ತೆ, ಅಲ್ಲಿವರ್ಗೂ ಸ್ಕ್ರೀನ್ ಕಪ್ಪೇ, ಗಾಬರಿಯಾಗಿ ಆಫ್ ಮಾಡ್ಬೇಡಿ. ತೆಳ್ಳನೆ ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತೆ, ಅಲ್ಲಿ ಈ ರಬ್ಬರ್ ವಿದ್ಯೆ ನಡೆಯಲ್ಲ.

ಬಿಚ್ಚೋ ಮುಂಚೆ ಒಂದು ನಿಮಿಷ ಲೈಟನ್ನೇ ನೋಡಿ, ಸುಮ್ನೆ ಹತ್ತಿದೆಯಾ ಅಥ್ವಾ ಲೆಕ್ಕ ಹಾಕಿ ಮಿನುಗ್ತಿದೆಯಾ. ಡೆಲ್‌ನ ಬಹಳಷ್ಟು ಮಾಡೆಲಲ್ಲಿ ಲೈಟು 2 ಸಲ ಹಳದಿ, 3 ಸಲ ಬಿಳಿ ಮಿನುಗಿದ್ರೆ ರ್‍ಯಾಮ್ ಕಾಣ್ತಿಲ್ಲ ಅಂತರ್ಥ, ಎಚ್‌ಪಿಲಿ 3 ಉದ್ದ 2 ಗಿಡ್ಡ ಅಂದ್ರೆ ಅದೂ ಮೆಮೊರಿ ಕಡೆಗೇ ಬೆರಳು ತೋರ್ಸುತ್ತೆ. ಮೊಬೈಲಲ್ಲಿ ವಿಡಿಯೋ ತಗೊಂಡು ನಿಧಾನಕ್ಕೆ ಎಣಿಸಿ, ಮಾಡೆಲ್ ಹೆಸ್ರಿನ ಜೊತೆ ಕಂಪನಿ ಸಪೋರ್ಟ್ ಪೇಜಲ್ಲಿ ಹುಡುಕಿದ್ರೆ ಅರ್ಥ ಸಿಗುತ್ತೆ. ಮಷೀನೇ ಬಾಯಿಬಿಟ್ಟು ಹೇಳ್ತಿರುತ್ತೆ, ನಾವು ಎಣಿಸೋದಿಲ್ಲ ಅಷ್ಟೆ.

ಲೋಗೋ ಬಂದು ಅಲ್ಲೇ ಚಕ್ರ ಸುತ್ತುತ್ತಾ ಕೂತ್ರೆ ಅದು ಬೇರೆ ಕಥೆ, ಒಂಥರಾ ಒಳ್ಳೆ ಸುದ್ದಿ, ಯಾಕಂದ್ರೆ ಹಾರ್ಡ್‌ವೇರ್ ಬಹುಪಾಲು ಬದುಕಿದೆ. ಅರ್ಧ ಗಂಟೆ ಕಾದ್ರೂ ಬರದಿದ್ರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಹೀಗೆ ಎರಡು ಮೂರು ಸಲ ಆದಾಗ ವಿಂಡೋಸ್ ತಾನಾಗೇ ರಿಪೇರಿ ಸ್ಕ್ರೀನ್ ತೋರ್ಸುತ್ತೆ, ಅಲ್ಲಿ ಟ್ರಬಲ್‌ಶೂಟ್ ಒಳಗೆ ಸ್ಟಾರ್ಟಪ್ ರಿಪೇರ್ ಇದೆ, ಕೊನೆಯ ಅಪ್ಡೇಟ್ ತೆಗೆಯೋ ಆಪ್ಷನ್ ಇದೆ, ಸೇಫ್ ಮೋಡ್ ಇದೆ. "ರೀಸೆಟ್ ದಿಸ್ ಪಿಸಿ" ಮಾತ್ರ ಕೊನೆಗೆ. ಲೋಗೋ ಆದ್ಮೇಲೆ ನೋ ಬೂಟಬಲ್ ಡಿವೈಸ್ ಅಂತ ಬಂದ್ರೆ ಬಯೋಸ್ ಒಳಗೆ ಹೋಗಿ ಎಸ್‌ಎಸ್‌ಡಿ ಹೆಸ್ರು ಕಾಣುತ್ತಾ ನೋಡಿ, ಕಾಣ್ತಿಲ್ಲ ಅಂದ್ರೆ ಅದೂ ಸಡಿಲ ಆಗಿರಬಹುದು, ಸತ್ತಿರಲೂಬಹುದು.

ಈ ಜಾಗದಲ್ಲೇ ಎಷ್ಟೋ ಜನ ಸಿಕ್ಕಿಬೀಳೋ ಒಂದು ಹೊಂಡ ಇದೆ, ಬಿಟ್‌ಲಾಕರ್, ಅಂದ್ರೆ ಡಿಸ್ಕಲ್ಲಿರೋದನ್ನ ಬೇರೆಯವ್ರು ಓದದ ಹಾಗೆ ವಿಂಡೋಸ್ ಹಾಕೋ ಬೀಗ (ಎನ್‌ಕ್ರಿಪ್ಷನ್). ನೀಲಿ ಸ್ಕ್ರೀನಲ್ಲಿ 48 ಅಂಕಿಯ ಕೀ ಕೇಳುತ್ತೆ. ನಾನ್ಯಾವತ್ತೂ ಪಾಸ್‌ವರ್ಡ್ ಹಾಕೇ ಇಲ್ವಲ್ಲ ಅಂತೀರಾ, ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿಂದ ಲಾಗಿನ್ ಆದ್ರೆ ಎನ್‌ಕ್ರಿಪ್ಷನ್ ತಾನೇ ಆನ್ ಆಗಿರೋದು ಬಹಳ, ಕೀ ಆ ಅಕೌಂಟಲ್ಲೇ ಸೇವ್ ಆಗಿರುತ್ತೆ. ಫೋನಿಂದ ಅದೇ ಅಕೌಂಟಿಗೆ ಲಾಗಿನ್ ಆಗಿ ರಿಕವರಿ ಕೀ ಪೇಜ್ ತೆಗೆದು, ಸ್ಕ್ರೀನ್ ಮೇಲಿರೋ ಕೀ ಐಡಿ ಜೊತೆ ತಾಳೆ ನೋಡಿ ಬರ್ಕೊಳ್ಳಿ. 2024ರ ಜುಲೈ 19 ನೆನಪಿರಬಹುದು, ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಸಾಫ್ಟ್‌ವೇರಿನ ಒಂದು ತಪ್ಪು ಅಪ್ಡೇಟಿಂದ ಸುಮಾರು 85 ಲಕ್ಷ ವಿಂಡೋಸ್ ಮಷೀನ್ ನೀಲಿ ಸ್ಕ್ರೀನಿಗೆ ಬಿದ್ದು ಏರ್‌ಪೋರ್ಟಲ್ಲಿ ಕೈಯಲ್ಲಿ ಬೋರ್ಡಿಂಗ್ ಪಾಸ್ ಬರ್ದುಕೊಟ್ಟಿದ್ದು. ಅವತ್ತು ಒಂದು ಮಷೀನಿಗೂ ಹಾರ್ಡ್‌ವೇರ್ ಕೆಟ್ಟಿರ್ಲಿಲ್ಲ, ಸೇಫ್ ಮೋಡಲ್ಲಿ ಒಂದು ಫೈಲ್ ಅಳಿಸಿದ್ರೆ ಸಾಕಿತ್ತು, ಆದ್ರೂ ಬಿಟ್‌ಲಾಕರ್ ಕೀ ಹುಡುಕೋದ್ರಲ್ಲೇ ಐಟಿಯವ್ರ ದಿನ ಹೋಯ್ತು.

ನಿಮ್ಮ ವಿಷ್ಯಕ್ಕೂ ಇದು ಯಾಕೆ ಬೇಕು ಅಂದ್ರೆ, ದಿನಾ ನಿಮ್ಮನ್ನ ಕೀ ಕೇಳ್ದೆ ಆ ಬೀಗ ತೆಗೆಯೋ ಗುಟ್ಟು ಇರೋದು ಬೋರ್ಡ್ ಜೊತೇಲಿರೋ ಟಿಪಿಎಂ ಅನ್ನೋ ಭಾಗದಲ್ಲಿ. ಬೋರ್ಡ್ ಬದಲಾಯ್ಸಿದ್ರೆ, ಎಸ್‌ಎಸ್‌ಡಿ ಬಿಚ್ಚಿ ಬೇರೆ ಮಷೀನಿಗೆ ಹಾಕಿದ್ರೆ ಕೀ ಕೇಳೇ ಕೇಳುತ್ತೆ. ಹಾಗಾಗಿ ಇವತ್ತೇ ಫೋನಲ್ಲಿ ನೋಡಿ ಬರ್ದಿಟ್ಕೊಳ್ಳಿ. ಎನ್‌ಕ್ರಿಪ್ಷನ್ ಇದ್ದು ಕೀ ಎಲ್ಲೂ ಸಿಗದಿದ್ರೆ ಮಾತ್ರ ಅಂಗಡಿಯವ್ರು ಹೇಳಿದ ಹಾಗೆ ಡೇಟಾ ಹೋದ ಹಾಗೇ.

ಇಷ್ಟೆಲ್ಲ ಮಾಡಿದ್ರೂ ಕಪ್ಪೇ ಇದ್ರೆ ಆಗ ಬೋರ್ಡ್ ಅನುಮಾನ ಪಡೋಣ. ಆಗ್ಲೂ ಪೂರ್ತಿ ಬೋರ್ಡ್ ಬದಲಾಯಿಸೋ ಮುಂಚೆ ಚಿಪ್ ಲೆವೆಲ್ ಸರ್ವಿಸ್ ಮಾಡೋರ ಹತ್ರ ತೋರ್ಸಿ, ಬೆಂಗಳೂರು ಹತ್ರ ಆದ್ರೆ ಎಸ್‌ಪಿ ರೋಡಲ್ಲಿ ಅಂಥವ್ರು ಸಿಗ್ತಾರೆ, ಬೋರ್ಡಲ್ಲಿ ಶಾರ್ಟ್ ಆಗಿರೋ ಒಂದು ಚಿಕ್ಕ ಪಾರ್ಟ್ ಹುಡುಕಿ ಬದಲಾಯ್ಸಿದ್ರೆ ಕೆಲಸ ಮುಗಿಯೋದೂ ಇದೆ. ಹೋಗುವಾಗ ಎಸ್‌ಎಸ್‌ಡಿ ಬಿಚ್ಚಿ ಮನೇಲಿಟ್ಟು ಹೋಗಿ, ಲೋಗೋ ಬರುತ್ತೋ ಇಲ್ವೋ ನೋಡೋಕೆ ಅದು ಬೇಕಾಗಲ್ಲ. ಅದಕ್ಕೆ ಸರಿಹೊಂದೋ ಯುಎಸ್‌ಬಿ ಎನ್‌ಕ್ಲೋಷರ್ (ಡಿಸ್ಕನ್ನ ಒಳಗಿಟ್ಟು ಪೆನ್‌ಡ್ರೈವ್ ಥರ ಚುಚ್ಚೋ ಡಬ್ಬಿ) ಒಂದು ತಗೊಂಡು ಇನ್ಯಾರದ್ದಾದ್ರೂ ಲ್ಯಾಪ್‌ಟಾಪಿಗೆ ಚುಚ್ಚಿ ಫೋಟೋ ಎಲ್ಲ ಕಾಪಿ ಮಾಡ್ಕೊಂಡ್ರೆ ಆಮೇಲೆ ಅಂಗಡೀಲಿ ಧೈರ್ಯವಾಗಿ ಚೌಕಾಸಿ ಮಾಡ್ಬಹುದು. "ಎಲ್ಲಿ ಶಾರ್ಟ್ ಆಗಿದೆ ತೋರ್ಸಿ" ಅಂತ ಕೇಳಿ, ಕೆಲ್ಸ ಗೊತ್ತಿರೋರು ಮೀಟರ್ ಇಟ್ಟು ತೋರಿಸ್ತಾರೆ. ರಬ್ಬರ್ ಟ್ರೈ ಮಾಡಿ ಏನಾಯ್ತು ಅಂತ ಬರೀರಿ, ಮಿನುಗೋ ಲೈಟಿನ ಲೆಕ್ಕ ಸಮೇತ.